ಎಡಗೈ ಬೇಸಿನ ಕತ್ತು

ನನ್ನ ಹೆಂಡತಿ ಎರಡು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದಳು, ನಾನು ಒಂದು ದಿನವೂ ಕೇಳಿರಲಿಲ್ಲ. ಹಾಗೆಂದು ನಾವು ಬೇರೆ ಬೇರೆ ಊರಲ್ಲಿ ಇದ್ದವರಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಆಕೆ ಮಂಚದ ಮೇಲೆ ಕೂತು ನುಡಿಸಿದರೆ ನಾನು ಎದುರಿನ ಕುರ್ಚಿಯಲ್ಲಿ ಟಿವಿ ನೋಡುತ್ತಿದ್ದೆ. ಪಕ್ಕದ ಮನೆಯವರಿಗೆ ತೊಂದರೆ ಆಗಬಾರದೆಂದು ಆಕೆ ಗಿಟಾರಿನ ವೈರನ್ನು ಒಂದು ಪುಟ್ಟ ಡಬ್ಬಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಸ್ವರವೆಲ್ಲ ಆಕೆಯ ಕಿವಿಗೆ. ನನಗೆ ಉಳಿಯುತ್ತಿದ್ದದ್ದು ದಪ್ಪ ತಂತಿಗೆ ಬೆರಳು ತಾಗುವ ಟಪ ಟಪ ಸದ್ದು ಮಾತ್ರ. "ನಿನ್ನ ರೊಟ್ಟಿ ಬಡಿಯೋದು ಮುಗೀತೇನು?" ಎಂದು ನಾನು ಕೇಳುತ್ತಿದ್ದೆ. ಆಕೆಗೆ ಅದು ಕೇಳಿಸುತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ.

ನಾನು ವಿಜಯಪುರದ ಕಡೆಯವನು, ಆಕೆ ಉಡುಪಿಯವಳು. ತವರಿಗೆ ಫೋನ್ ಮಾಡಿದರೆ ತುಳು, ಕೆಳಗಿನ ಅಂಗಡಿಯಲ್ಲಿ ಮರಾಠಿ, ನನ್ನ ಜೊತೆ ಜಗಳಕ್ಕೆ ಕನ್ನಡ. ವಾಶಿಯಲ್ಲಿ ಒಂದು ಆಫೀಸಿನ ಕೆಲಸ. ದಿನಾ ನಡುವಿನ ಠಾಣೆ ಊರಿನಲ್ಲಿ ಲೋಕಲ್ ರೈಲು ಬದಲಿಸಿ ಹೋಗಿಬರುತ್ತಾಳೆ. ಮಗ ಓದಲು ಪುಣೆಗೆ ಹೋದ ವರ್ಷ, ಆಫೀಸಿನ ನಾಲ್ಕು ಹೆಂಗಸರು ಸೇರಿ ಹಳೆಯ ಹಿಂದಿ ಹಾಡುಗಳ ಆರ್ಕೆಸ್ಟ್ರಾ ಕಟ್ಟಿದರು. ಬೇಸ್ ನುಡಿಸಲು ಯಾರೂ ಇರಲಿಲ್ಲ. ಇವಳ ಬೆರಳು ಉದ್ದ ಇವೆ ಎಂದು ಇವಳನ್ನು ಹಿಡಿದರು. ಆಮೇಲೆ ಗೊತ್ತಾಯಿತು, ಇವಳು ಎಡಚಿ. ಚಿಕ್ಕಂದಿನಲ್ಲಿ ಬೈದು ಬೈದು ಊಟದ ಕೈಯನ್ನು ಬದಲಿಸಿದ್ದರು, ಆದರೆ ಗಿಟಾರು ಕೈಗೆ ಬಂದಾಗ ಎಡಗೈ ತಾನೇ ಮುಂದೆ ಬಂತು. ಎಡಗೈ ಬೇಸ್ ಎಲ್ಲೂ ಸಿಗದೆ, ಕೊನೆಗೆ ಪಕ್ಕದ ಊರಾದ ಕಲ್ಯಾಣದಲ್ಲಿ ಒಬ್ಬ ಎಡಚ ಮುದುಕರು ತಮ್ಮ ಹಳೆಯ ಬೇಸನ್ನು ಇವಳಿಗೆ ಕೊಟ್ಟರು. ಅಂಥದ್ದು ಇನ್ನೊಂದು ಸಿಗುವುದಿಲ್ಲ, ಜೋಪಾನ ಎಂದು ಹೇಳಿ ಕೊಟ್ಟಿದ್ದರಂತೆ.

ಅದರ ಕತ್ತು ಮುರಿದದ್ದು ಜನವರಿಯ ಒಂದು ಶನಿವಾರ ಸಂಜೆ, ಠಾಣೆ ಸ್ಟೇಷನ್ನಿನಲ್ಲಿ. ಲೋಕಲ್ಲಿನ ಹೆಂಗಸರ ಡಬ್ಬಿಗೆ ಹತ್ತುವಾಗ ಹಿಂದಿನಿಂದ ನೂಕು ಬಂತು, ಚೀಲದ ಮೇಲ್ತುದಿ ಬಾಗಿಲ ನಡುವಿನ ಕಂಬಕ್ಕೆ ಸಿಕ್ಕಿಕೊಂಡಿತು, ಆಕೆ ಒಳಗೆ ಹೋದಳು, ಗಿಟಾರಿನ ತಲೆ ಹೊರಗೇ ಉಳಿಯಿತು. ಮನೆಗೆ ಬಂದವಳು ನನಗೆ ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಕೂತು, ಚಪ್ಪಲಿಗೆ ಹಚ್ಚುವ, ಕ್ಷಣದಲ್ಲಿ ಹಿಡಿಯುವ ಗೋಂದನ್ನು ಸುರಿದು ಜೋಡಿಸಿದಳು. ಭಾನುವಾರ ಬೆಳಿಗ್ಗೆ ತಂತಿ ಬಿಗಿದಾಗ ಅದು ಮತ್ತೆ ಮುರಿಯಿತು. ಈ ಸಲ ಮೆಟ್ಟಿಲುಗಳಿರುವ ಮೇಲಿನ ಹಲಗೆಯೂ ಸೀಳಿತು. ವೀಣೆಗಿರುವ ಹಾಗೆ ಗಿಟಾರಿನ ಕತ್ತಿಗೂ ಅಡ್ಡಕ್ಕೆ ಲೋಹದ ಮೆಟ್ಟಿಲುಗಳಿರುತ್ತವೆ. ಆ ಸದ್ದಿಗೆ ನಾನು ಎದ್ದು ಬಂದೆ.

"ನನಗ್ಯಾಕ ಹೇಳಲಿಲ್ಲ?" ಎಂದೆ. "ಕಟಗಿ ಕೆಲಸದಾಂವ ಮನ್ಯಾಗೇ ಅದೀನಲ್ಲ."

"ಹೇಳಿದ್ರೆ ನೀವು ತಮಾಷೆ ಮಾಡ್ತೀರಿ ಅಂತ ಗೊತ್ತಿತ್ತು ನಂಗೆ" ಎಂದಳು. ಸಿಟ್ಟಿನಿಂದಲ್ಲ, ಇವತ್ತು ನೀರು ಬರುವುದಿಲ್ಲ ಎನ್ನುವಷ್ಟು ಸಾದಾ ಆಗಿ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಠಾಣೆಯ ವರ್ತಕ ನಗರದಲ್ಲಿ ಸಂಕ್ರಾಂತಿಯ ಹಳದಿ-ಕುಂಕು, ಅಂದರೆ ಹೆಂಗಸರು ಸೇರಿ ಅರಿಸಿನ ಕುಂಕುಮ ಕೊಡುವ ಕಾರ್ಯಕ್ರಮ. ಅಲ್ಲಿಯ ಮಹಿಳಾ ಮಂಡಳದವರು ಇವರ ಆರ್ಕೆಸ್ಟ್ರಾವನ್ನು ಕರೆದಿದ್ದರು. ಅದೇ ಮೊದಲ ವೇದಿಕೆ. ಎಡಗೈ ಬೇಸ್ ಬಾಡಿಗೆಗೆ ಸಿಗುತ್ತದೆಯೇ ಎಂದು ಆಕೆ ಕಲ್ಯಾಣದಿಂದ ವಾಶಿಯವರೆಗೆ ಫೋನ್ ಮಾಡಿ ಮುಗಿಸಿದ್ದಳು. ಎಲ್ಲೂ ಇರಲಿಲ್ಲ. ಗೆಳತಿಯರು ಚಿಂತೆ ಬೇಡ ಎಂದರಂತೆ, ಕೀಬೋರ್ಡಿನವಳು ತನ್ನ ಎಡಗೈಯಲ್ಲೇ ಬೇಸಿನ ಸ್ವರ ಹಾಕಿಬಿಡುತ್ತಾಳಂತೆ. ಸಮಾಧಾನಕ್ಕೆ ಹೇಳಿದ ಆ ಮಾತೇ ಇವಳನ್ನು ಕೊರೆಯುತ್ತಿತ್ತು.

"ಒಮ್ಮೆ ನಾನಿಲ್ದೆ ಆಯ್ತು ಅಂದ್ರೆ, ಮತ್ತೆ ನಾನು ಬೇಕು ಅಂತ ಯಾರಿಗೂ ಆಗುದಿಲ್ಲ ಮಾರಾಯ್ರೆ."

ಬರುವ ಭಾನುವಾರದೊಳಗೆ ಮಾಡಿಕೊಡುತ್ತೇನೆ ಎಂದು ನಾನು ಅಂದುಬಿಟ್ಟೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಗಿಟಾರನ್ನು ಸರಿಯಾಗಿ ಕೈಗೆತ್ತಿಕೊಂಡೆ. ಅಯ್ಯೋ, ಎಷ್ಟು ಚೆಂದದ ಕೆಲಸ! ಎರಡು ವರ್ಷ ಕಣ್ಣ ಮುಂದಿದ್ದ ವಸ್ತುವನ್ನು ಆಗ ಮೊದಲ ಸಲ ನೋಡಿದೆ. ಕತ್ತಿನ ಹಿಂಬದಿಯ ಉರುಟು, ತಲೆಯ ಕಡೆ ಅದು ಸಣ್ಣಗಾಗುವ ರೀತಿ, ಒಳಗೆ ಮರ ಬಾಗದಂತೆ ಹಿಡಿದಿರುವ ಒಂದು ಉಕ್ಕಿನ ಸಲಾಕೆ. ನನ್ನ ಕೈ ತುರಿಸತೊಡಗಿತು.

ನನ್ನ ಕಸುಬು ಏನೆಂದು ಹೇಳಬೇಕು. ಕಾರ್ಖಾನೆಗಳೇ ತುಂಬಿರುವ ಡೊಂಬಿವಲಿ ಎಂಐಡಿಸಿಯ ಒಂದು ಸಣ್ಣ ಶಾಪಿನಲ್ಲಿ ನಾನು ಪ್ಯಾಟರ್ನ್ ಮಾಡುತ್ತೇನೆ. ಪಂಪು, ವಾಲ್ವ್ ಮುಂತಾದವನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ, ಉಳಿದ ಗುಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಮಾಡಿದ್ದೆಲ್ಲ ಮರಳಿಗೆ ಹೋಗುವ ಮರ. ಯಾರೂ ಅದನ್ನು ಕೈಯಲ್ಲಿ ಹಿಡಿದು ಸುಖಪಟ್ಟಿದ್ದಿಲ್ಲ. ಈಗ ಹಾಡುವ ಮರ ನನ್ನ ಬೆಂಚಿಗೆ ಬರುತ್ತಿತ್ತು! ಆ ಭಾನುವಾರ ನನಗೆ ಊಟ ಸೇರಲಿಲ್ಲ, ಹುರುಪಿಗೆ.

ಸೀಳಿದ ಹಲಗೆಯನ್ನು ಬಿಡಿಸಿ ಹೊಸದು ಕೂರಿಸಬೇಕಿತ್ತು. ಹಾಗಾಗಿ ಬಿಡಿಸುವ ಮೊದಲೇ ಪ್ರತಿ ಮೆಟ್ಟಿಲು ಮೇಲಿನ ತುದಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದುಕೊಡಲು ಹೇಳಿದೆ. ಆಕೆ ಮನೆಯ ಟೇಪು ಹಿಡಿದು ಇಪ್ಪತ್ತು ಅಂಕಿಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದುಂಡಗೆ ಬರೆದಳು. ಸೋಮವಾರ ಅದನ್ನು ಕಿಸೆಗೆ ಹಾಕಿಕೊಂಡು, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ.

ಕೆಲಸ ಮುಗಿದ ಮೇಲೆ ಬೆಂಚು ಬಳಸಿಕೊಳ್ಳಲು ಶಾಪಿನ ಮಾಲೀಕ ಸೇಠ್ ಒಪ್ಪಿದರು. ಶಾಪಿನ ಹಿರಿಯ ಮಿಸ್ತ್ರಿ, ಕಲ್ಯಾಣದ ಮರಾಠಿ ಮನುಷ್ಯ, ಕನ್ನಡಕ ಏರಿಸಿ ಮುರಿದ ಜಾಗವನ್ನು ಮೂಸಿದಂತೆ ನೋಡಿದರು. ಗೋಂದು ಕುಡಿದ ಮರ ಗಾಜಿನಂತಾಗಿದೆ, ಇನ್ನು ಅದು ಬೇರೆ ಗೋಂದನ್ನು ಹತ್ತಿರ ಸೇರಿಸುವುದಿಲ್ಲ, ಅಷ್ಟನ್ನೂ ಕೊಯ್ದು ತೆಗೆಯಲೇಬೇಕು ಎಂದರು. ನನಗೂ ಗೊತ್ತಿತ್ತು, ಆದರೆ ಇವಳ ಗಿಟಾರಿಗೆ ಗರಗಸ ಹಾಕಲು ಇನ್ನೊಬ್ಬರ ಬಾಯಿಂದ ಆ ಮಾತು ಕೇಳಬೇಕಿತ್ತು.

ಎರಡೂ ಕಡೆ ಉದ್ದ ಇಳಿಜಾರಾಗಿ ಕೊಯ್ದೆ. ನಡುವೆ ಕೂರಿಸಲು, ಯಾರಿಗೂ ಬೇಡವಾಗಿ ಅಟ್ಟ ಸೇರಿದ್ದ ಹಳೆಯ ಪಂಪಿನ ಪ್ಯಾಟರ್ನಿನಿಂದ ಒಂದು ತುಂಡು ಸಾಗುವಾನಿ ತೆಗೆದೆ. ಎಳೆ ನೇರ, ಎಣ್ಣೆ ಆರಿದ ಮರ, ಉಳಿ ತಾಗಿದರೆ ಬೆಣ್ಣೆ. ಕೂರಿಸುವುದು, ತೆಗೆಯುವುದು, ಒಂದು ಎಳೆ ಕೆತ್ತುವುದು, ಮತ್ತೆ ಕೂರಿಸುವುದು. ಜೋಡಣೆಯನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಾಣಬಾರದು, ಅದು ನಮ್ಮ ಪರೀಕ್ಷೆ. ಹದಿನೈದು ಸಲ ಕಂಡಿತು. ಹದಿನಾರನೆಯ ಸಲ ಕಾಣಲಿಲ್ಲ. ನಾನು ಹೋ ಎಂದು ಕೂಗಿದೆ, ಹೊರಗಿನ ಚಹಾದವನು ಯಾರದೋ ಬೆರಳು ಹೋಯಿತೆಂದು ಓಡಿಬಂದ. ಅವನಿಗೂ ಜೋಡಣೆ ತೋರಿಸಿದೆ. ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ, ಅರ್ಧ ಗಂಟೆಗೊಂದರಂತೆ.

ಗೋಂದು ಹಚ್ಚಿ ಕ್ಲ್ಯಾಂಪ್ ಬಿಗಿದ ಮೇಲೆ ಒಂದು ದಿನ ಮುಟ್ಟಬಾರದು. ಮಂಗಳವಾರ ಬೆಳಿಗ್ಗೆಯೇ ಬಿಚ್ಚಿ ನೋಡಲು ಹೋದವನನ್ನು ಮಿಸ್ತ್ರಿ ತಡೆದರು. "ಅತಿ ಘಾಯಿ ಸಂಕಟಾತ ನೇಯಿ" ಎಂದರು. ಅತಿ ಅವಸರ ಸಂಕಟಕ್ಕೆ ಒಯ್ಯುತ್ತದೆ ಎಂದು ಹೈವೇ ಬೋರ್ಡಿನ ಮೇಲೆ ಇರುವ ಮಾತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಕಡೆಯೂ ಇದೆ, ನಾನು ಎರಡನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಆದರೂ ಅಂದು ಕೈ ಕಟ್ಟಿಕೊಂಡೆ.

ಬುಧವಾರ ಕಲ್ಯಾಣದಿಂದ ತಂದ ಬೀಟೆಯ ಹಲಗೆಯನ್ನು ತೆಳ್ಳಗೆ ಹೆರೆದು, ಕ್ಯಾಲೆಂಡರ್ ಹಾಳೆ ಮುಂದಿಟ್ಟುಕೊಂಡು ಗೆರೆ ಗುರುತಿಸಲು ಕೂತೆ. ಇಪ್ಪತ್ತು ಅಂಕಿ, ಇಪ್ಪತ್ತು ಗೆರೆ, ಚಾಕುವಿನ ಮೊನೆಯಲ್ಲಿ. ಕಾಲು ಗಂಟೆಯಲ್ಲಿ ಮುಗಿಸಿದೆ, ಮಿಸ್ತ್ರಿ ಕೂಡ ಹುಬ್ಬೇರಿಸಿದರು. ಕೊನೆಯ ಗೆರೆ ಹಲಗೆಯ ಅಂಚಿಗೆ ತೀರಾ ಹತ್ತಿರ ಬಂದಿತ್ತು. ಹಲಗೆಯನ್ನೇ ಗಿಡ್ಡ ಕೊಯ್ದಿರಬೇಕು ಎಂದುಕೊಂಡು ಮುಂದೆ ಹೋದೆ. ಸಣ್ಣ ಗರಗಸದಿಂದ ಗೆರೆ ಬಿಡಿಸಿ ಹಲಗೆಯನ್ನು ಕತ್ತಿಗೆ ಅಂಟಿಸಿದೆ. ಗುರುವಾರ ಹಳೆಯ ಮೆಟ್ಟಿಲುಗಳನ್ನೇ ಒಂದೊಂದಾಗಿ ತಟ್ಟಿ ಕೂರಿಸಿದೆ. ಶುಕ್ರವಾರ ಸಂಜೆ ಆಕೆ ವಾಶಿಯಿಂದ ಬರುವ ಹೊತ್ತಿಗೆ ಗಿಟಾರು ಮಂಚದ ಮೇಲೆ ಮಲಗಿತ್ತು, ಮುರಿದ ಜಾಗ ಹುಡುಕಿದರೂ ಸಿಗದ ಹಾಗೆ.

ಆಕೆ ಕತ್ತಿನ ಹಿಂದೆ ಹೆಬ್ಬೆರಳು ಆಡಿಸಿದಳು. ಹಬ್ಬದ ದಿನ ಹೊಸ ಸೀರೆ ಮುಟ್ಟಿ ನೋಡುವಾಗಿನ ಮುಖ. ತಂತಿ ಕಟ್ಟಿ, ಮೊಬೈಲಿನಲ್ಲಿ ಶ್ರುತಿ ನೋಡಿ, ಹೆಡ್‌ಫೋನ್ ಏರಿಸಿದಳು. ನಾನು ಎದುರು ಕೂತು ಹೊಗಳಿಕೆಗೆ ಕಾಯುತ್ತಿದ್ದೆ. ಮೂರು ಮೆಟ್ಟಿಲು ಒತ್ತಿದಳು. ಇನ್ನೂ ಮುಂದಕ್ಕೆ ಹೋದಳು. ಮುಖ ಸಣ್ಣಗಾಯಿತು. ಬರಿ ತಂತಿ ಸರಿ ಇದೆ, ಬೆರಳು ಇಟ್ಟರೆ ಸ್ವರ ಏರಿ ನಿಲ್ಲುತ್ತದೆ ಎಂದಳು.

ಐದು ದಿನದ ಹುರುಪೆಲ್ಲ ಒಮ್ಮೆಲೇ ಸಿಟ್ಟಾಗಿ ನೆತ್ತಿಗೇರಿತು. ನಿನ್ನ ಕೈ ಅಭ್ಯಾಸ ತಪ್ಪಿದೆ ಎಂದೆ. ಮೊಬೈಲೇ ತಪ್ಪು ತೋರಿಸುತ್ತದೆ ಎಂದೆ. ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ."

ಅವಳು ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಎದ್ದು ಹೋಗಿ ಕಪಾಟಿನಿಂದ ಟೇಪು ತಂದಳು.

"ಹಾಗಾದ್ರೆ ನೆಲವನ್ನೇ ಅಳೆದು ನೋಡುವ" ಎಂದಳು.

ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿ ಅರ್ಧಕ್ಕೆ ಬರಬೇಕು. ಆಕೆ ಬರೆದದ್ದು ನಾನೂರ ಮೂವತ್ತೆರಡು ಮಿಲಿಮೀಟರ್. ನಾನು ಹಾಕಿದ್ದು ನಾನೂರ ಮೂವತ್ತಾರು ಚಿಲ್ಲರೆ. ಮೊದಲ ಮೆಟ್ಟಿಲಿನ ತಪ್ಪು ಕೂದಲೆಳೆಯಷ್ಟು, ಕೊನೆಯದರಲ್ಲಿ ಹೆಚ್ಚುಕಡಿಮೆ ಆರು ಮಿಲಿಮೀಟರ್. ಟೇಪು ಹಿಡಿದ ಆಕೆ ತಲೆ ಎತ್ತದೆ ಹೇಳಿದಳು, "ಮುಂದೆ ಮುಂದೆ ಹೋದ ಹಾಗೆ ತಪ್ಪೂ ಜಾಸ್ತಿ ಆಗ್ತಾ ಉಂಟು."

ಆಗ ನನಗೆ ತಪ್ಪು ಹೊಳೆಯಿತು. ಕರಗಿದ ಕಬ್ಬಿಣ ತಣ್ಣಗಾದರೆ ಕುಗ್ಗುತ್ತದೆ. ನೂರು ಮಿಲಿಮೀಟರಿನ ಕಬ್ಬಿಣ ಬೇಕಾದರೆ ಮರದ ಪ್ಯಾಟರ್ನ್ ನೂರೊಂದು ಇರಬೇಕು. ಪ್ರತಿ ಸಲ ಗುಣಿಸುವ ಗೋಜು ಬೇಡವೆಂದು ನಮ್ಮ ಕಸುಬಿನವರ ಹತ್ತಿರ ಬೇರೆಯೇ ಸ್ಕೇಲು ಇರುತ್ತದೆ. ಅದರಲ್ಲಿ ನೂರು ಎಂದು ಬರೆದಿರುವ ಕಡೆ ನಿಜವಾಗಿ ನೂರೊಂದು. ಶಾಪಿನ ಗೋಡೆಗೆ ಸಾದಾ ಸ್ಕೇಲೂ ನೇತಾಡುತ್ತದೆ. ಆದರೆ ಬುಧವಾರ ನನ್ನ ಕೈ ಹೇಳದೆ ಕೇಳದೆ ಇಪ್ಪತ್ತೆರಡು ವರ್ಷದ ಹಳೆಯ ಸ್ಕೇಲನ್ನೇ ಎತ್ತಿಕೊಂಡಿತ್ತು. ಹೆಂಡತಿಯ ಗಿಟಾರನ್ನು ನಾನು ಎರಕ ಹೊಯ್ಯಲು ತಯಾರು ಮಾಡಿದ್ದೆ.

ಹೇಳಲು ನಾಚಿಕೆಯಾಯಿತು, ಹೇಳಿದೆ. ಹಲಗೆ ಅಂಟಿಯಾಗಿತ್ತು. ಮತ್ತೆ ಕಿತ್ತು ಹೊಸದು ಮಾಡಲು ಮೂರು ದಿನವಾದರೂ ಬೇಕು, ನಡುವೆ ಉಳಿದದ್ದು ಒಂದೇ ದಿನ. ಅವಳು ಟೇಪನ್ನು ಸುತ್ತಿಟ್ಟು, ಆಯ್ತು ಬಿಡಿ, ಕೀಬೋರ್ಡಿನವಳಿಗೆ ಫೋನ್ ಮಾಡುತ್ತೇನೆ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಆಯ್ತು ಬಿಡಿ" ತಡೆಯಲಾಗಲಿಲ್ಲ. ಫೋನ್ ಮಾಡಬೇಡ, ಹತ್ತು ನಿಮಿಷ ತಾಳು ಎಂದು ಕೇಳಿಕೊಂಡೆ.

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಕೆಯ ಮಾತೇ ತಲೆಯಲ್ಲಿ ಸುತ್ತುತ್ತಿತ್ತು: ಮುಂದೆ ಹೋದ ಹಾಗೆ ತಪ್ಪೂ ಜಾಸ್ತಿ. ಅಂದರೆ ನನ್ನ ತಪ್ಪಿಗೂ ಒಂದು ಲೆಕ್ಕ ಇದೆ! ಎಲ್ಲ ಮೆಟ್ಟಿಲೂ ನೂರಕ್ಕೆ ನೂರೊಂದು. ಒಂದೂ ಅದಕ್ಕಿಂತ ಹೆಚ್ಚಿಲ್ಲ, ಕಡಿಮೆ ಇಲ್ಲ. ಪ್ಯಾಟರ್ನಿನಲ್ಲಿ ಎಲ್ಲ ಭಾಗವೂ ಒಂದೇ ಸಮ ದೊಡ್ಡದಿರುತ್ತದೆ, ಅದಕ್ಕೇ ಆಕಾರ ಕೆಡುವುದಿಲ್ಲ. ಇಲ್ಲಿ ನಾನು ಮೆಟ್ಟಿಲುಗಳನ್ನು ದೊಡ್ಡದು ಮಾಡಿ ತಂತಿಯನ್ನು ಮಾತ್ರ ಹಳೆಯ ಉದ್ದಕ್ಕೇ ಬಿಟ್ಟಿದ್ದೆ. ತಂತಿಯನ್ನೂ ಅಷ್ಟೇ ಉದ್ದ ಮಾಡಿದರೆ?

ತಂತಿಯ ಕೆಳತುದಿಯನ್ನು ಹೊತ್ತು ನಿಂತಿರುವುದು ಕುದುರೆ. ಈ ಗಿಟಾರಿನಲ್ಲಿ ಅದು ಐದು ಸ್ಕ್ರೂಗಳಿಂದ ಕೂರಿಸಿದ ಒಂದು ಲೋಹದ ತಟ್ಟೆ. ಮೆಟ್ಟಿಲು ಮುಟ್ಟುವುದೇ ಬೇಡ, ಕುದುರೆಯನ್ನು ಎಂಟೂವರೆ ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿದರೆ ಸಾಕು! ನಾನು ಎದ್ದು ನಿಂತು ಅದನ್ನು ಮೂರು ಸಲ ವಿವರಿಸಿದೆ. ಮೊದಲ ಸಲ ನನಗೇ ಅರ್ಥವಾಗುವ ಹಾಗೆ, ಎರಡನೆಯ ಸಲ ಆಕೆಗೆ, ಮೂರನೆಯ ಸಲ ಬರೀ ಖುಷಿಗೆ. ಆಕೆ ಫೋನ್ ಕೆಳಗಿಟ್ಟಳು.

ಶನಿವಾರ ಇಬ್ಬರೂ ಶಾಪಿಗೆ ಹೋದೆವು. ಹಳೆಯ ತೂತುಗಳಿಗೆ ಸಾಗುವಾನಿಯ ಗೂಟ ಬಡಿದೆ. ಹಳೆಯ ಲೆಕ್ಕದಲ್ಲಿ ತಂತಿಯ ಉದ್ದ ಎಂಟುನೂರ ಅರವತ್ತನಾಲ್ಕು. ನಾನು ಅದೇ ಹಾಳು ಸ್ಕೇಲನ್ನು ಇಟ್ಟು ಎಂಟುನೂರ ಅರವತ್ತನಾಲ್ಕಕ್ಕೆ ಗುರುತು ಹಾಕಿದೆ. ಮಿಸ್ತ್ರಿ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಅವರೇ ಗುರುತನ್ನು ಇನ್ನೊಮ್ಮೆ ನೋಡಿ ಡ್ರಿಲ್ ನನ್ನ ಕೈಗೆ ಕೊಟ್ಟರು. ತಂತಿ ಏರಿತು. ಆಕೆ ಹನ್ನೆರಡನೆಯ ಮೆಟ್ಟಿಲು ಒತ್ತಿದಳು, ಮೊಬೈಲಿನ ಮುಳ್ಳು ನಡುವೆ ಬಂದು ನಿಂತಿತು. ಐದು, ಏಳು, ಹದಿನೈದು. ಪ್ರತಿ ಸಲವೂ ಹಸಿರು. ಅವಳ ಬಾಯಿ ಕಿವಿವರೆಗೆ ಹೋಯಿತು.

"ಈಗ ಸರಿ ಉಂಟು" ಎಂದಳು.

ನಿನ್ನೆ ಆ ಗಾದೆ ಹೇಳಿದ್ದು ತಪ್ಪಾಯಿತು ಎಂದು ನಾನು ಸ್ಕೂಟರ್ ಓಡಿಸುತ್ತ ಹೇಳಿದೆ, ಮುಖ ಕಾಣದಿದ್ದರೆ ಹೇಳುವುದು ಸುಲಭ. ಆಕೆಗೆ ಕೇಳಿಸಿತು, ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು.

ಭಾನುವಾರ ಗಿಟಾರನ್ನು ನಾನೇ ಹೊತ್ತೆ. ಗಂಡಸರ ಡಬ್ಬಿಯಲ್ಲಿ ಠಾಣೆಯವರೆಗೆ ಅದನ್ನು ಅಪ್ಪಿಕೊಂಡು ನಿಂತೆ, ಚೀಲಕ್ಕೆ ಭುಜ ತಾಗಿಸಿದ ಇಬ್ಬರ ಜೊತೆ ಜಗಳವಾಡಿದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದು ಭಾಷಣ ತಯಾರಾಗುತ್ತಿತ್ತು. ಆ ಕತ್ತು ನೋಡಿದಿರಾ, ಅದು ನನ್ನ ಕೆಲಸ, ಸಂದಿ ಹುಡುಕಿ ನೋಡೋಣ ಎಂದು ಕಾರ್ಯಕ್ರಮದಲ್ಲಿ ಸಿಕ್ಕವರಿಗೆಲ್ಲ ಹೇಳುವುದಿತ್ತು.

ಹಾಲ್ ತುಂಬ ಹೆಂಗಸರು, ಎಳ್ಳುಂಡೆ, ಅರಿಸಿನ ಕುಂಕುಮದ ಬಟ್ಟಲು. ನಾನು ಕೊನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದೆ. ಡ್ರಮ್ಮಿನವಳು ನಾಲ್ಕು ಎಣಿಸಿದಳು.

ಮೊದಲ ಸ್ವರ ಕಿವಿಗೆ ಬರಲಿಲ್ಲ, ಕುರ್ಚಿಯ ಕಾಲಿನಿಂದ ಹತ್ತಿ ಬಂತು. ಎದೆಯ ಒಳಗೆ ಯಾರೋ ದಪ್ಪ ದನಿಯಲ್ಲಿ ಹೂಂ ಅಂದಂತಾಯಿತು. ಆಮೇಲೆ ಅದು ನಡೆಯತೊಡಗಿತು, ನಿಧಾನಕ್ಕೆ, ಎಲ್ಲೂ ಎಡವದೆ, ಹಾಡುವವಳನ್ನೂ ಕೀಬೋರ್ಡನ್ನೂ ಹೊತ್ತುಕೊಂಡು. ಕೀಬೋರ್ಡಿನವಳು ಬಲಗೈಯೊಂದರಲ್ಲೇ ನುಡಿಸುತ್ತಿದ್ದಳು, ಎಡಗೈ ತೊಡೆಯ ಮೇಲೆ ಸುಮ್ಮನಿತ್ತು. ಇವಳು ಕಣ್ಣು ಅರ್ಧ ಮುಚ್ಚಿ, ಸೆರಗು ಸಿಕ್ಕಿಸಿ, ಬೈದು ಬದಲಿಸಲು ನೋಡಿದ್ದ ಆ ಎಡಗೈಯಲ್ಲಿ ತಂತಿ ಮೀಟುತ್ತಿದ್ದಳು. ನನಗೆ ಅಳು ಬಂತು. ಸಂತೋಷಕ್ಕೂ ಬಂತು, ನನ್ನ ಮೇಲಿನ ನಾಚಿಕೆಗೂ ಬಂತು.

ಪಕ್ಕದ ಅಜ್ಜಿ ಮರಾಠಿಯಲ್ಲಿ, ನಿಮ್ಮವರು ಯಾರು ಅಲ್ಲಿ ಎಂದು ಕೇಳಿದರು. ಎಡಗೈಯಲ್ಲಿ ಬೇಸ್ ನುಡಿಸುತ್ತಿದ್ದಾಳಲ್ಲ, ಆಕೆ ನನ್ನ ಹೆಂಡತಿ ಎಂದೆ. ಅಷ್ಟೇ ಹೇಳಿದೆ. ಭಾಷಣ ನೆನಪಿಗೇ ಬರಲಿಲ್ಲ.

ಮುಗಿದ ಮೇಲೆ ಹಾಡುವವಳು ಇವಳ ಹತ್ತಿರ ಬಂದು, ಮುಂದಿನ ತಿಂಗಳು ಕಲ್ಯಾಣದಲ್ಲಿ ಕಾರ್ಯಕ್ರಮ ಎಂದಳು. ಬರುತ್ತೀಯಾ ಎಂದು ಕೇಳಲಿಲ್ಲ, ತಾರೀಖು ಹೇಳಿದಳು. ಇವಳು ತಲೆಯಾಡಿಸಿ ಮೊಬೈಲಿನಲ್ಲಿ ಬರೆದುಕೊಂಡಳು.

ಸ್ಟೇಷನ್ನಿಗೆ ಹೋಗುವ ರಿಕ್ಷಾದಲ್ಲಿ ಗಿಟಾರು ನಮ್ಮಿಬ್ಬರ ನಡುವೆ ನಿಂತಿತ್ತು. ಅವಳು ಅದರ ಆಚೆಯಿಂದ ಬಗ್ಗಿ, "ಮೂರನೇ ಹಾಡಲ್ಲಿ ನಾನು ಒಂದು ಕಡೆ ತಪ್ಪಿದೆ. ಗೊತ್ತಾಯ್ತಾ ನಿಮಗೆ?" ಎಂದು ಕೇಳಿದಳು.

"ಗೊತ್ತಾಗಲಿಲ್ಲ" ಎಂದೆ. "ಮನಿಗೆ ಹೋದಮ್ಯಾಲ ಅದೊಂದ ಮತ್ತ ಬಾರಸು. ನಾ ಕೇಳತೀನಿ."

ತಮಾಷೆ ಮಾಡುತ್ತಿದ್ದೇನೆಯೇ ಎಂದು ಅವಳು ನನ್ನ ಮುಖವನ್ನು ಹುಡುಕುವಂತೆ ನೋಡಿದಳು. ನಾನು ಹಾಗೇ ಕೂತಿದ್ದೆ, ನೋಡಲಿ ಎಂದು.